ಗೆಲಾಕ್ಸಿಗುಚ್ಛಗಳೂ ಅರ್ಥಾಪತ್ತಿ ಪ್ರಮಾಣವೂ

ವೈಶಾಖ ಶುದ್ಧ ತದಿಗೆಯಂದು ಬಸವಜಯಂತಿಯ ಉತ್ಸವ ಮುಗಿದು, ದಾಸೋಹದ ಕೊನೆಯ ಪಂಕ್ತಿಯೂ ಎದ್ದು, ಮಠದ ಅಂಗಳ ನಿಶ್ಶಬ್ದವಾಗುವ ಹೊತ್ತಿಗೆ ಇರುಳು ಹತ್ತು ಗಂಟೆಯಾಗಿರುತ್ತದೆ. ತದಿಗೆಯ ಚಂದ್ರರೇಖೆ ಅಷ್ಟರೊಳಗೆ ಪಡುವಣದಲ್ಲಿ ಮುಳುಗಿರುವುದರಿಂದ ಆಕಾಶ ಚೆನ್ನಾಗಿ ಕಪ್ಪಾಗಿರುತ್ತದೆ. ಆಗ ನೆತ್ತಿಯಿಂದ ತುಸು ಬಡಗಣಕ್ಕೆ, ಉತ್ತರಫಲ್ಗುಣೀ ನಕ್ಷತ್ರಕ್ಕೂ ಸ್ವಾತೀ ನಕ್ಷತ್ರಕ್ಕೂ ನಡುವಣ ಎಡೆಯಲ್ಲಿ, ಕಣ್ಣಿಟ್ಟು ನೋಡಿದವರಿಗೆ ಮಾತ್ರ ಕಾಣುವ ಕೆಲವು ಮಸುಕಾದ ಚುಕ್ಕೆಗಳಿವೆ. ಪಾಶ್ಚಾತ್ಯರು ಆ ಪುಂಜವನ್ನು ಬೆರನೈಸ್ ಎಂಬ ರಾಣಿಯ ಮುಡಿಯೆಂದು ಬಗೆದು ಕೋಮಾ ಬೆರನೈಸೀಸ್ ಎಂದರು. ನಮ್ಮ ಕನ್ನಡದ ಖಗೋಳ ಲೇಖಕರು ಅದನ್ನು ಕೃಷ್ಣವೇಣಿ ಎಂದು ಕರೆದಿರುವುದು ಬಲು ಸೊಗಸು. ಆ ಚುಕ್ಕೆಗಳು ನಮ್ಮ ಆಕಾಶಗಂಗೆಗೇ ಸೇರಿದ ನೆರೆಯವು. ಅವುಗಳಿಂದಾಚೆ, ಅದೇ ದಿಕ್ಕಿನಲ್ಲಿ, ಸುಮಾರು 32 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಸಾವಿರಕ್ಕೂ ಮಿಕ್ಕಿದ ಗೆಲಾಕ್ಸಿಗಳು ನೆರೆದಿರುವ ಒಂದು ಮಹಾಗುಚ್ಛವಿದೆ. ಬರಿಗಣ್ಣಿಗೆ ಅದು ಅಗೋಚರ. ಈ ಲೇಖನಕ್ಕೆ ವಸ್ತುವಾದುದು ಆ ಕೋಮಾ ಗುಚ್ಛ.

ಕನ್ನಡ ಪಂಡಿತನಾದ ನನಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಒಂದು ತಪ್ಪಿನ ಋಣವಿದೆ. ವಿಜ್ಞಾನದ ಅಧ್ಯಾಪಕಮಿತ್ರರೊಬ್ಬರು ತಮ್ಮ ಪಾಠಕ್ಕಾಗಿ ಸಿದ್ಧಪಡಿಸಿದ ಪಾರಿಭಾಷಿಕ ಶಬ್ದಗಳ ಪಟ್ಟಿಯನ್ನು ತಿದ್ದಿಕೊಡಲು ನನ್ನ ಕೈಗಿತ್ತಿದ್ದರು. ಅದರಲ್ಲಿ ‘ಡಾರ್ಕ್ ಮ್ಯಾಟರ್’ ಎಂಬುದಕ್ಕೆ ನಾನು ಹಿಂದುಮುಂದು ನೋಡದೆ ‘ಕೃಷ್ಣದ್ರವ್ಯ’ವೆಂದು ಬರೆದೆ. ಸಮಾಸ ಶುದ್ಧವಾಗಿತ್ತು, ಕಿವಿಗೂ ಇಂಪಾಗಿತ್ತು. ಒಂಬತ್ತನೆಯ ತರಗತಿಯ ಒಬ್ಬ ಬಾಲಕಿ ನನ್ನಲ್ಲಿಗೆ ಬಂದು, “ಗುರುಗಳೆ, ಅದು ಕಪ್ಪಾಗಿದ್ದರೆ ಹಿಂದಿರುವ ನಕ್ಷತ್ರಗಳನ್ನು ಮರೆಮಾಡಬೇಕಾಗಿತ್ತಲ್ಲವೆ?” ಎಂದು ಕೇಳಿದಳು. ನಾನು ನಿರುತ್ತರನಾದೆ. ಅಂದಿನಿಂದ ಕೆಲವು ತಿಂಗಳು ಆ ಮಿತ್ರರ ಪುಸ್ತಕಗಳನ್ನು ಎರವಲು ತಂದು, ಅವರಿಂದ ಹೇಳಿಸಿಕೊಂಡು, ನನಗೆ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಆಕಾಶಕಾಯಗಳನ್ನು ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಆದರೂ ತೂಗುವ ಉಪಾಯವೊಂದುಂಟು. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವ ರೈತನ ಕವಣೆಯನ್ನು ನೆನೆಯಿರಿ. ಕಲ್ಲನ್ನು ವೇಗವಾಗಿ ತಿರುಗಿಸಿದಷ್ಟೂ ಹಗ್ಗ ಬಲವಾಗಿರಬೇಕು. ಇಲ್ಲವಾದರೆ ಅದು ಹರಿದು ಕಲ್ಲು ಹಾರಿಹೋಗುತ್ತದೆ. ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಿಂದ ಸುತ್ತುವ ಭೂಮಿಯನ್ನು ಹಾರಿಹೋಗದಂತೆ ಹಿಡಿದಿರುವ ಹಗ್ಗವೆಂದರೆ ಸೂರ್ಯನ ಗುರುತ್ವಾಕರ್ಷಣೆ. ವೇಗವೂ ದೂರವೂ ತಿಳಿದರೆ ಹಗ್ಗದ ಬಲ ತಿಳಿಯುತ್ತದೆ, ಅದರಿಂದ ಸೂರ್ಯನ ದ್ರವ್ಯರಾಶಿ ತಿಳಿಯುತ್ತದೆ. ಗೆಲಾಕ್ಸಿಗುಚ್ಛದಲ್ಲಿ ನಡುವೆ ನಿಂತು ಎಲ್ಲರನ್ನೂ ಸುತ್ತಿಸುವ ಸೂರ್ಯನಿಲ್ಲ. ಅಲ್ಲಿ ಗೆಲಾಕ್ಸಿಗಳು ಜೇನುಹುಳುಗಳ ಹಿಂಡಿನಂತೆ ದಿಕ್ಕುದಿಕ್ಕಿಗೆ ಚಲಿಸುತ್ತ, ಒಂದನ್ನೊಂದು ಸೆಳೆಯುತ್ತ ಒಟ್ಟಾಗಿರುತ್ತವೆ. ಇಂಥ ಹಿಂಡಿನ ಒಟ್ಟು ಚಲನೆಗೂ ಒಟ್ಟು ಸೆಳೆತಕ್ಕೂ ಇರಬೇಕಾದ ಸಂಬಂಧವನ್ನು ಹೇಳುವ ಗಣಿತಸೂತ್ರವೊಂದಿದೆ. ಅದಕ್ಕೆ ವಿರಿಯಲ್ ಪ್ರಮೇಯವೆಂದು ಹೆಸರು. ಗೆಲಾಕ್ಸಿಗಳ ವೇಗವನ್ನು ಅವುಗಳ ಬೆಳಕಿನ ರೋಹಿತದ ಗೆರೆಗಳು ಎಷ್ಟು ಸರಿದಿವೆ ಎಂಬುದರಿಂದ ಅಳೆಯುತ್ತಾರೆ.

ಈ ಸೂತ್ರವನ್ನು ಕೋಮಾ ಗುಚ್ಛಕ್ಕೆ ಹಚ್ಚಿ ನೋಡಿದವನು ಫ್ರಿಟ್ಸ್ ಜ್ವಿಕಿ (1898-1974). ಈತ ಬಲ್ಗೇರಿಯದ ವಾರ್ನಾ ಎಂಬ ಊರಿನಲ್ಲಿ ಹುಟ್ಟಿ, ಸ್ವಿಟ್ಸರ್ಲೆಂಡಿನಲ್ಲಿ ಓದಿ, ಅಮೆರಿಕದ ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯಲ್ಲಿ ನೆಲೆಸಿದ ಭೌತವಿಜ್ಞಾನಿ. ಗುಚ್ಛದಲ್ಲಿ 800 ಗೆಲಾಕ್ಸಿಗಳಿವೆಯೆಂದೂ ಒಂದೊಂದರ ದ್ರವ್ಯರಾಶಿ ಸೂರ್ಯನ ನೂರು ಕೋಟಿ ಪಟ್ಟು ಎಂದೂ ಅಂದಿನ ತಿಳಿವಳಿಕೆಗನುಸಾರವಾಗಿ ಆತ ಲೆಕ್ಕ ಹಿಡಿದ. ಅಷ್ಟು ದ್ರವ್ಯದ ಸೆಳೆತವಿದ್ದಲ್ಲಿ ಗೆಲಾಕ್ಸಿಗಳ ವೇಗದ ವ್ಯತ್ಯಾಸ ಸೆಕೆಂಡಿಗೆ 80 ಕಿಲೋಮೀಟರಿನಷ್ಟು ಇರಬೇಕಾಗಿತ್ತು. ಅಳೆದು ನೋಡಿದರೆ ಅದು ಸುಮಾರು 1000 ಕಿಲೋಮೀಟರ್! ಇಷ್ಟು ವೇಗದ ಕಲ್ಲನ್ನು ಹಿಡಿದಿರಲು ಕಾಣುವ ಹಗ್ಗ ಏನೇನೂ ಸಾಲದು. ಕಾಣುವ ದ್ರವ್ಯಕ್ಕಿಂತ ಕನಿಷ್ಠ 400 ಪಟ್ಟು ಸಾಂದ್ರತೆಯ ದ್ರವ್ಯ ಅಲ್ಲಿರಬೇಕೆಂದು ಆತ 1933ರಲ್ಲಿ ಸ್ವಿಸ್ ಪತ್ರಿಕೆಯೊಂದರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ. ಅಂದು ದೂರವನ್ನು ಅಳೆಯುವ ಮಾನದಂಡದಲ್ಲಿಯೇ ದೋಷವಿದ್ದುದರಿಂದ ಆ 400 ಎಂಬ ಅಂಕೆ ಇಂದು ನಿಲ್ಲುವುದಿಲ್ಲ. ಆದರೆ ಅಂಕೆ ಬಿದ್ದರೂ ತರ್ಕ ಬೀಳಲಿಲ್ಲ.

ಆ ತರ್ಕ ಯಾವುದು? ಮೀಮಾಂಸಾಶಾಸ್ತ್ರವನ್ನು ಸ್ವಲ್ಪವಾದರೂ ಓದಿದವರಿಗೆ ಅದರ ಗುರುತು ಕೂಡಲೇ ಹತ್ತುತ್ತದೆ. ದೇವದತ್ತನೆಂಬವನು ಹಗಲು ಉಣ್ಣುವುದಿಲ್ಲ, ಆದರೂ ಪುಷ್ಟನಾಗಿದ್ದಾನೆ, ಆದುದರಿಂದ ಇರುಳು ಉಣ್ಣುತ್ತಾನೆಂದು ಒಪ್ಪಲೇಬೇಕು. ಇರುಳೂಟವನ್ನು ಕಂಡವರಿಲ್ಲ, ಅದನ್ನು ಕಲ್ಪಿಸದೆ ಕಂಡ ಸಂಗತಿಗಳೆರಡೂ ಕೂಡಿ ನಿಲ್ಲುವುದಿಲ್ಲ. ಇದೇ ಅರ್ಥಾಪತ್ತಿ ಪ್ರಮಾಣ. ನೈಯಾಯಿಕರು ಇದನ್ನು ಅನುಮಾನದಲ್ಲಿಯೇ ಅಡಗಿಸುತ್ತಾರೆ. ಆ ವಾದ ಇಲ್ಲಿ ಬೇಡ. ನಮ್ಮ ಸಾಹಿತ್ಯ ಸಂಶೋಧನೆಯಲ್ಲಿಯೂ ಇದಕ್ಕೆ ಹತ್ತಿರವಾದ ಕ್ರಮವುಂಟು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನಗಿಂತ ಹಿಂದಿನ ಕನ್ನಡ ಲೇಖಕರನ್ನು ಹೆಸರಿಸುತ್ತದೆ. ವಿಮಲೋದಯ, ಜಯಬಂಧು ಮೊದಲಾದವರ ಕನ್ನಡ ಗ್ರಂಥಗಳು ನಮ್ಮ ಕೈಗೆ ಬಂದಿಲ್ಲ, ಆದರೂ ಅವರ ಕಾಲದ ಸಾಹಿತ್ಯವಿತ್ತೆಂಬುದನ್ನು ಯಾರೂ ಅಲ್ಲಗಳೆಯರು. ನಮಗಾದರೋ ಅಲ್ಲಿ ಹೆಸರುಗಳ ಶಬ್ದಪ್ರಮಾಣವೂ ಇದೆ. ಜ್ವಿಕಿಗೆ ಅದೂ ಇರಲಿಲ್ಲ.

ಅರ್ಥಾಪತ್ತಿಗೆ ಒಂದು ಕಠಿಣ ನಿಯಮವಿದೆ: ಬೇರೆ ಯಾವ ಬಗೆಯಿಂದಲೂ ಸಂಗತಿ ಹೊಂದಿಕೊಳ್ಳಬಾರದು. ದೇವದತ್ತನು ಪುಷ್ಟನೆಂಬುದೇ ಸುಳ್ಳಾಗಿದ್ದರೆ? ಹಗಲಿನಲ್ಲಿಯೇ ನಮ್ಮ ಕಣ್ಣು ತಪ್ಪಿಸಿ ಉಂಡಿದ್ದರೆ? ಊಟವಿಲ್ಲದೆ ಪುಷ್ಟಿ ಬಾರದೆಂಬ ನಿಯಮವೇ ತಪ್ಪಾಗಿದ್ದರೆ? ಈ ಮೂರು ಪೂರ್ವಪಕ್ಷಗಳನ್ನೂ ಖಗೋಳಜ್ಞರು ನಿಜವಾಗಿ ಹೂಡಿದರು ಎಂಬುದೇ ಈ ಸಂಶೋಧನೆಯ ಹಿರಿಮೆಯೆಂದು ನನಗೆ ತೋರುತ್ತದೆ.

ಗುಚ್ಛಗಳು ಒಟ್ಟಾಗಿಯೇ ಇಲ್ಲ, ಚದುರಿಹೋಗುತ್ತಿವೆ ಎಂಬುದು ಮೊದಲನೆಯ ಆಕ್ಷೇಪ. ಆರ್ಮೇನಿಯದ ಅಂಬಾರ್ತ್ಸುಮಿಯಾನ್ 1950ರ ದಶಕದಲ್ಲಿ ಇದನ್ನು ಮಂಡಿಸಿದರು. ಇದಕ್ಕೆ ಉತ್ತರ ಸರಳ ಗಣಿತದಲ್ಲಿದೆ. ಸೆಕೆಂಡಿಗೆ 1000 ಕಿಲೋಮೀಟರ್ ಎಂದರೆ ಬೆಳಕಿನ ವೇಗದ ಮುನ್ನೂರರಲ್ಲೊಂದು ಪಾಲು. ಆ ವೇಗದಲ್ಲಿ ಹೊರಟ ಗೆಲಾಕ್ಸಿ 100 ಕೋಟಿ ವರ್ಷಗಳಲ್ಲಿ 33 ಲಕ್ಷ ಜ್ಯೋತಿರ್ವರ್ಷ ದೂರ ಹೋಗುತ್ತದೆ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಬಂಧನವಿಲ್ಲದಿದ್ದರೆ ಗುಚ್ಛಗಳೆಂಬ ರಾಶಿಗಳು ಇಂದು ಇಷ್ಟೊಂದು ಉಳಿದಿರುತ್ತಿರಲಿಲ್ಲ. ಪಾಲೊಮಾರ್ ವೀಕ್ಷಣಾಲಯದ ಛಾಯಾಫಲಕಗಳನ್ನು ಒಂದೊಂದಾಗಿ ಕಣ್ಣಿನಿಂದಲೇ ಪರೀಕ್ಷಿಸಿ ಜಾರ್ಜ್ ಏಬೆಲ್ ಎಂಬಾತ 1958ರಲ್ಲಿ ಪ್ರಕಟಿಸಿದ ಪಟ್ಟಿಯೊಂದರಲ್ಲಿಯೇ 2712 ಗುಚ್ಛಗಳಿವೆ.

ಎರಡನೆಯ ಆಕ್ಷೇಪಕ್ಕೆ ಅರ್ಧ ಗೆಲವು ಸಿಕ್ಕಿತು. 1970ರ ಡಿಸೆಂಬರ್ 12ರಂದು ಕೀನ್ಯದ ಕರಾವಳಿಯಾಚೆಯ ಕಡಲವೇದಿಕೆಯಿಂದ ಒಂದು ಕೃತಕ ಉಪಗ್ರಹ ಹಾರಿತು. ಅಂದು ಆ ದೇಶದ ಸ್ವಾತಂತ್ರ್ಯದಿನವಾದುದರಿಂದ ಅದಕ್ಕೆ ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯವೆಂಬ ಅರ್ಥದ ‘ಉಹುರು’ ಎಂಬ ಹೆಸರಿಟ್ಟರು. ಗುಚ್ಛಗಳ ಒಳಗಿನ ಅವಕಾಶವೆಲ್ಲ ಕ್ಷಕಿರಣಗಳನ್ನು ಸೂಸುತ್ತಿದೆಯೆಂದು ಅದು ತೋರಿಸಿತು. ಗೆಲಾಕ್ಸಿಗಳ ನಡುವೆ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ ತುಂಬಿದೆ. ಕೋಮಾ ಗುಚ್ಛದಲ್ಲಿ ಅದರ ಉಷ್ಣತೆ ಹತ್ತು ಕೋಟಿ ಡಿಗ್ರಿಯ ಸಮೀಪ. ಅದು ಎಷ್ಟು ವಿರಳವೆಂದರೆ ಒಂದು ಲೀಟರಿನಷ್ಟು ಎಡೆಯಲ್ಲಿ ಕೆಲವೇ ಕಣಗಳು. ಆದರೂ ಅವಕಾಶ ಅಪಾರವಾದುದರಿಂದ ಆ ಅನಿಲದ ಒಟ್ಟು ತೂಕ ನಕ್ಷತ್ರಗಳೆಲ್ಲವುಗಳ ತೂಕವನ್ನು ಹಲವು ಮಡಿ ಮೀರುತ್ತದೆ. ದೇವದತ್ತ ಹಗಲಿನಲ್ಲಿಯೂ ಒಂದಿಷ್ಟು ಉಂಡಿದ್ದನೆಂದಾಯಿತು. ಆದರೆ ಅಷ್ಟು ಕಾದ ಅನಿಲವನ್ನು ಹೊರಗೆ ಉಕ್ಕಿಹೋಗದಂತೆ ಹಿಡಿದಿರುವುದಕ್ಕೂ ಹಗ್ಗ ಬೇಕಲ್ಲ! ಲೆಕ್ಕ ಹಾಕಿದಾಗ ಅದೇ ಕೊರತೆ ಮತ್ತೆ ಎದ್ದು ಕಂಡಿತು. ದೊಡ್ಡ ಗುಚ್ಛವೊಂದರ ತೂಕವನ್ನು ನೂರು ಎಂದಿಟ್ಟುಕೊಂಡರೆ ನಕ್ಷತ್ರಗಳದು ಎರಡೋ ಮೂರೋ, ಅನಿಲದ್ದು ಹನ್ನೆರಡು ಹದಿಮೂರು, ಉಳಿದ 85ರಷ್ಟು ಕಾಣದ್ದು.

ಮೂರನೆಯದು ಗುರುತ್ವದ ನಿಯಮವನ್ನೇ ತಿದ್ದಬೇಕೆಂಬ ಪಕ್ಷ. 1983ರಲ್ಲಿ ಇಸ್ರೇಲಿನ ಮಿಲ್‌ಗ್ರೋಮ್ ಇದನ್ನು ಸೂಚಿಸಿದರು. ಬಿಡಿ ಗೆಲಾಕ್ಸಿಗಳ ವಿಷಯದಲ್ಲಿ ಅವರ ಸೂತ್ರ ಬೆರಗಾಗುವಷ್ಟು ಚೆನ್ನಾಗಿ ಹೊಂದುತ್ತದೆ. ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಗುಚ್ಛಗಳ ಬಳಿ ಬಂದಾಗ ಆ ಸೂತ್ರಕ್ಕೂ ಕಾಣದ ದ್ರವ್ಯದ ಊರೆಗೋಲು ಬೇಕಾಗುತ್ತದೆ.

ಗುಚ್ಛಗಳನ್ನು ತೂಗಲು ಇನ್ನೊಂದು ತಕ್ಕಡಿಯೂ ಇದೆ. ಬೆಳಕು ದೊಡ್ಡ ರಾಶಿಯ ಪಕ್ಕದಲ್ಲಿ ಹಾಯುವಾಗ ಬಾಗುತ್ತದೆ. ಗುಚ್ಛ ಮಸೂರದಂತೆ ವರ್ತಿಸುತ್ತದೆ. ಏಬೆಲ್ 370 ಎಂಬ ಗುಚ್ಛದಲ್ಲಿ ಕಂಡ ಬಿಲ್ಲಿನಾಕಾರದ ಬೆಳಕು ಬಹು ಹಿಂದಿನ ಗೆಲಾಕ್ಸಿಯೊಂದರ ಬಾಗಿದ ಬಿಂಬವೆಂದು 1988ರಲ್ಲಿ ಖಚಿತವಾಯಿತು. ಬಾಗಿನಿಂದ ತೂಗಿದರೂ ಉತ್ತರ ಹೆಚ್ಚುಕಡಿಮೆ ಅದೇ. 2006ರಲ್ಲಿ, ಒಂದನ್ನೊಂದು ಡಿಕ್ಕಿ ಹೊಡೆದು ಹಾಯ್ದುಹೋದ ಎರಡು ಗುಚ್ಛಗಳಲ್ಲಿ ಅನಿಲ ನಡುವೆ ತಡೆದು ನಿಂತಿರುವುದೂ, ಬೆಳಕನ್ನು ಬಾಗಿಸುವ ರಾಶಿ ಮಾತ್ರ ಗೆಲಾಕ್ಸಿಗಳೊಡನೆ ಮುಂದೆ ಸಾಗಿರುವುದೂ ಕಂಡುಬಂದಿತು. ಬುಲೆಟ್ ಗುಚ್ಛವೆಂದು ಅದಕ್ಕೆ ಹೆಸರು. ಬಾಲಕಿಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: ಈ ದ್ರವ್ಯ ಹಿಂದಿನ ಬೆಳಕನ್ನು ತಡೆಯುವುದಿಲ್ಲ, ಬಾಗಿಸಿ ಬಿಟ್ಟುಕೊಡುತ್ತದೆ. ಅದು ಕಪ್ಪಲ್ಲ, ಗಾಜಿಗಿಂತಲೂ ತಿಳಿ.

ಹಾಗಾದರೆ ಅದು ಯಾವುದರಿಂದಾದುದು? ಇಲ್ಲಿ ನಮ್ಮ ನಾಡಿನೊಡನೆ ಸಂಬಂಧವುಳ್ಳ ಒಂದು ಸಂಗತಿಯಿದೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅನೇಕರು ಇದನ್ನರಿಯರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್‌ಸಿ., ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಓದಿದ ರಮಾನಾಥ ಕೌಸಿಕ್ ಅವರು ಮೆಕ್‌ಕ್ಲೆಲಂಡ್ ಎಂಬವರೊಡನೆ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಿಶ್ವದ ಆದಿಯಿಂದ ಉಳಿದುಬಂದಿರುವ ನ್ಯೂಟ್ರಿನೊ ಎಂಬ ಕಣಗಳಿಗೆ ಅತ್ಯಲ್ಪ ದ್ರವ್ಯರಾಶಿ ಇದ್ದರೂ ಸಾಕು, ಕೋಮಾ ಗುಚ್ಛವನ್ನು ಹಿಡಿದಿರುವ ಹಗ್ಗ ಅವೇ ಆಗಬಹುದು ಎಂಬುದು ಅದರ ತಾತ್ಪರ್ಯ. ಯಾವುದಕ್ಕೂ ತಾಗದೆ ಭೂಮಿಯನ್ನೇ ಹಾಯ್ದುಹೋಗುವ ಕಣಗಳಿವು; ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಜಾಡನ್ನು 1965ರಲ್ಲಿ ಮೊದಲಿಗೆ ಹಿಡಿದವರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಕಾದು ಕುಳಿತಿದ್ದವರೂ ಸೇರಿದ್ದಾರೆ. ಕೌಸಿಕ್ ಅವರು ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನಿರ್ದೇಶಕರಾದರು. ನ್ಯೂಟ್ರಿನೊಗಳಿಗೆ ದ್ರವ್ಯರಾಶಿ ಇರುವುದು 1998ರಲ್ಲಿ ಜಪಾನಿನ ಪ್ರಯೋಗದಿಂದ ದೃಢಪಟ್ಟಿತಾದರೂ ಅದು ಗುಚ್ಛವನ್ನು ಹಿಡಿಯಲು ಏನೇನೂ ಸಾಲದೆಂದು ತಿಳಿದಿದೆ. ಆದರೆ ಕಾಣದ ದ್ರವ್ಯ ಮಂಕಾದ ನಕ್ಷತ್ರವೂ ಅಲ್ಲ ಧೂಳೂ ಅಲ್ಲ, ಬೆಳಕಿನೊಡನೆ ವ್ಯವಹಾರವೇ ಇಲ್ಲದ ಕಣಸಮೂಹವಿರಬಹುದೆಂಬ ದಾರಿಯನ್ನು ಮೊದಲು ತೋರಿಸಿದವರಲ್ಲಿ ಅವರಿದ್ದಾರೆ.

ಜ್ವಿಕಿಯ ಮಾತನ್ನು ಲೋಕ ನಾಲ್ವತ್ತು ವರ್ಷ ಬದಿಗಿರಿಸಿತು. ಆತನ ಬಿರುಸಿನ ನಾಲಗೆಯೇ ಕಾರಣವೆನ್ನುವವರುಂಟು. ಇರಬಹುದು, ಆದರೆ ಕಾಣದುದನ್ನು ಒಪ್ಪಿಸಲು ಒಂದೇ ಸಾಕ್ಷಿ ಸಾಲದು, ಬೇರೆ ಬೇರೆ ಊರಿನ ಸಾಕ್ಷಿಗಳು ಬರಬೇಕಾಗಿತ್ತು ಎಂಬುದು ಹೆಚ್ಚಿನ ನಿಜವೆಂದು ನನ್ನ ಅಭಿಪ್ರಾಯ. 1970ರಲ್ಲಿ ವೀರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡ ಗೆಲಾಕ್ಸಿಯ ಭ್ರಮಣವನ್ನು ಅಳೆದುದು, ಅದೇ ವರ್ಷ ಉಹುರು ಹಾರಿದುದು, ಆಮೇಲೆ ಮಸೂರದ ಬಿಲ್ಲುಗಳು ದೊರೆತುದು, ಹೀಗೆ ಸಾಕ್ಷಿಗಳು ಒದಗಿದವು. ಇದನ್ನೆಲ್ಲ ನಮ್ಮ ಪೂರ್ವಿಕರು ಮೊದಲೇ ಬಲ್ಲರೆಂದು ಹೇಳುವ ಚಾಪಲ್ಯ ನನಗಿಲ್ಲ. ಮೀಮಾಂಸಕರು ಕೊಟ್ಟದ್ದು ಯೋಚಿಸುವ ಕ್ರಮವನ್ನು. ಗೆಲಾಕ್ಸಿಗಳನ್ನು ಅವರು ಕಂಡಿರಲಿಲ್ಲ.

ಆ ಕಣ ಇಂತಹುದೆಂದು ಇಂದಿಗೂ ಯಾವ ಪ್ರಯೋಗಶಾಲೆಯೂ ಹಿಡಿದು ತೋರಿಸಿಲ್ಲ. ಹಲವು ದೇಶಗಳ ಗಣಿಗಳಲ್ಲಿ, ಬೆಟ್ಟಗಳ ಒಡಲಿನಲ್ಲಿ ಉಪಕರಣಗಳನ್ನಿಟ್ಟು ಕಾಯುತ್ತಿದ್ದಾರೆ. ಯುರೋಪಿನವರು 2023ರ ಜುಲೈಯಲ್ಲಿ ಹಾರಿಸಿದ ಯೂಕ್ಲಿಡ್ ಎಂಬ ದೂರದರ್ಶಕ ಕೋಟ್ಯಂತರ ಗೆಲಾಕ್ಸಿಗಳ ಬಿಂಬಗಳು ಎಷ್ಟೆಷ್ಟು ಬಾಗಿವೆಯೆಂದು ಅಳೆಯುವ ಕೆಲಸದಲ್ಲಿ ತೊಡಗಿದೆ. ಅಧ್ಯಾಪಕಮಿತ್ರರ ಪಟ್ಟಿಯಲ್ಲಿ ನಾನು ‘ಕೃಷ್ಣದ್ರವ್ಯ’ವನ್ನು ಹೊಡೆದುಹಾಕಿ ‘ಅದೃಶ್ಯದ್ರವ್ಯ’ ಎಂದು ಬರೆದುಕೊಟ್ಟೆ. ಆ ಬಾಲಕಿಗೆ ತೋರಿಸಿದಾಗ, ಇದು ಆಗಬಹುದು ಎಂದಳು.