ಎಣಿಕೆಗೆ ನಿಷ್ಠರಾಗಿ ನಿಂತ ಒಬ್ಬ ಪಕ್ಷದ ಮನುಷ್ಯ

ನಮ್ಮ ದೇಶದಲ್ಲಿ ಚುನಾವಣೆ ನಡೆಸುವ ಹೊಣೆಯನ್ನು ಸಂವಿಧಾನದ 324ನೆಯ ವಿಧಿಯು ಚುನಾವಣಾ ಆಯೋಗಕ್ಕೆ ವಹಿಸಿದೆ. ಆಯೋಗದಲ್ಲಿ ಕುಳಿತವರು ಮತ ಬೇಡಿ ಆ ಸ್ಥಾನಕ್ಕೆ ಬಂದವರಲ್ಲ. ಅಮೆರಿಕದ ಪದ್ಧತಿಯೇ ಬೇರೆ. ಅಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆಯನ್ನೂ ಆಯಾ ರಾಜ್ಯಗಳೇ ನಡೆಸುತ್ತವೆ. ಬಹುಪಾಲು ರಾಜ್ಯಗಳಲ್ಲಿ ಅದರ ಮೇಲ್ವಿಚಾರಣೆ ‘ಸೆಕ್ರೆಟರಿ ಆಫ್ ಸ್ಟೇಟ್’ ಎಂಬುವರದು. ಅವರೂ ಹೆಚ್ಚಾಗಿ ಪಕ್ಷದ ಹೆಸರಿನಲ್ಲಿ ನಿಂತು ಗೆದ್ದವರೇ. ಆಟಗಾರನೇ ತೀರ್ಪುಗಾರನಾದಂತಾಯಿತಲ್ಲವೆ? ಜಾರ್ಜಿಯಾ ರಾಜ್ಯದಲ್ಲಿ ಇದು ಬರಿಯ ಶಂಕೆಯಾಗಿ ಉಳಿಯಲಿಲ್ಲ. 2018ರಲ್ಲಿ ಆ ಹುದ್ದೆಯಲ್ಲಿದ್ದ ಬ್ರಯಾನ್ ಕೆಂಪ್ ಅವರು ಹುದ್ದೆ ಬಿಡದೆಯೇ ಗವರ್ನರ್ ಪದವಿಗೆ ಸ್ಪರ್ಧಿಸಿ ಗೆದ್ದರು.

ಅವರ ತರುವಾಯ ಆ ಹುದ್ದೆಗೆ ಬಂದವರು ಶ್ರೀ ಬ್ರ್ಯಾಡ್ ರಾಫೆನ್ಸ್‌ಪರ್ಗರ್. ವೃತ್ತಿಯಿಂದ ಸಿವಿಲ್ ಇಂಜಿನಿಯರು; ರಿಪಬ್ಲಿಕನ್ ಪಕ್ಷದವರು. ಜಾನ್ಸ್ ಕ್ರೀಕ್ ನಗರಸಭೆಯಲ್ಲಿಯೂ ಬಳಿಕ ರಾಜ್ಯ ಶಾಸನಸಭೆಯ ಕೆಳಮನೆಯಲ್ಲಿಯೂ ಸದಸ್ಯರಾಗಿದ್ದು, 2019ರ ಜನವರಿಯಲ್ಲಿ ಈ ಅಧಿಕಾರ ವಹಿಸಿಕೊಂಡರು. ಆರಂಭವೇನೂ ಸುಗಮವಾಗಿರಲಿಲ್ಲ. 2020ರ ಜೂನಿನಲ್ಲಿ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆ ನಡೆದಾಗ ಅನೇಕ ಕಡೆ ಮತದಾರರು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಬೇಕಾಯಿತು, ಟೀಕೆಗಳು ಬಂದವು.

ನಿಜವಾದ ಪರೀಕ್ಷೆ ಬಂದದ್ದು ಅದೇ ನವೆಂಬರಿನಲ್ಲಿ. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಜಾರ್ಜಿಯಾದಲ್ಲಿ ಅಲ್ಪ ಅಂತರದಿಂದ ಸೋತರು. ಶ್ರೀ ರಾಫೆನ್ಸ್‌ಪರ್ಗರ್ ತಾವೂ ಮತ ಹಾಕಿದ್ದು ಟ್ರಂಪ್ ಅವರಿಗೇ. ಆದರೂ ಸುಮಾರು 50 ಲಕ್ಷ ಮತಪತ್ರಗಳನ್ನು ರಾಜ್ಯದ 159 ಕೌಂಟಿಗಳಲ್ಲಿ ಕೈಯಿಂದ ಎಣಿಸಲಾಯಿತು. ಸೋತವರ ಕೋರಿಕೆಯಂತೆ ಯಂತ್ರದಿಂದ ಮತ್ತೊಮ್ಮೆ ಎಣಿಸಲಾಯಿತು. ಗೆದ್ದವರು ಜೋ ಬೈಡನ್ ಅವರೇ. ಕೊನೆಗೆ ನಿಂತ ಅಂತರ 11,779.

2021ರ ಜನವರಿ 2ರಂದು ಅಧ್ಯಕ್ಷರೇ ದೂರವಾಣಿಯಲ್ಲಿ ಸುಮಾರು ಒಂದು ಗಂಟೆ ಮಾತನಾಡಿ, ತಮಗೆ 11,780 ಮತಗಳನ್ನು ಹುಡುಕಿಕೊಡಬೇಕೆಂದರು. ಅಂದರೆ ಸೋಲಿನ ಅಂತರಕ್ಕಿಂತ ಒಂದು ಹೆಚ್ಚು! ತಮ್ಮ ಬಳಿಯಿರುವ ಅಂಕಿಗಳೇ ತಪ್ಪೆಂದು ಅಧ್ಯಕ್ಷರಿಗೆ ಉತ್ತರ ದೊರೆಯಿತು. ಎಣಿಕೆ ಬದಲಾಗಲಿಲ್ಲ.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಅವರ ಪತ್ನಿಗೂ ಬೆದರಿಕೆಯ ಸಂದೇಶಗಳು ಬಂದವು. 2021ರಲ್ಲಿ ಅವರದೇ ಪಕ್ಷದ ಬಹುಮತವಿದ್ದ ಶಾಸನಸಭೆಯು ಹೊಸ ಕಾನೂನು ಮಾಡಿ, ರಾಜ್ಯ ಚುನಾವಣಾ ಮಂಡಳಿಯ ಅಧ್ಯಕ್ಷತೆಯನ್ನೂ ಅಲ್ಲಿನ ಮತಾಧಿಕಾರವನ್ನೂ ಅವರ ಹುದ್ದೆಯಿಂದ ಕಿತ್ತುಕೊಂಡಿತು. ಆದರೆ 2022ರಲ್ಲಿ ಮತದಾರರು ಟ್ರಂಪ್ ಬೆಂಬಲಿಸಿದ ಎದುರಾಳಿಯನ್ನು ಪ್ರಾಥಮಿಕ ಚುನಾವಣೆಯಲ್ಲಿ ಸೋಲಿಸಿ, ನವೆಂಬರಿನಲ್ಲಿ ಇವರನ್ನೇ ಪುನಃ ಆರಿಸಿದರು.

ನಮ್ಮ ಸಂವಿಧಾನ ಚುನಾವಣೆ ನಡೆಸುವವರನ್ನು ಸ್ಪರ್ಧೆಯ ಕಣದಿಂದ ಹೊರಗಿಟ್ಟಿತು. ಅಲ್ಲಿ ಆ ದೂರವನ್ನು ಹುದ್ದೆಯಲ್ಲಿರುವ ವ್ಯಕ್ತಿಯೇ ಕಾಯ್ದುಕೊಳ್ಳಬೇಕು. ಆ ಸಲ ಒಬ್ಬರು ಕಾಯ್ದುಕೊಂಡರು. ಕಾಯ್ದುಕೊಳ್ಳದವರು ಬಂದರೆ ಗತಿಯೇನು ಎಂಬ ಪ್ರಶ್ನೆ ಆ ರಾಜ್ಯಗಳ ಮುಂದೆ ಉಳಿದೇ ಇದೆ.