ಮೈಸೂರಿನ ಹೆಸರು ಹೊತ್ತ ಸೊಳ್ಳೆ

ಸತ್ಯಮಂಗಲದಿಂದ ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಸುತ್ತಿ ತಾಳಮಲೆಯ ಕನ್ನಡ ಸೀಮೆಗೆ ಏರಿಬರುವ ಲಾರಿಗಳಿಗೆ 2022ರಿಂದೀಚೆಗೆ ರಾತ್ರಿಯ ಸಂಚಾರ ನಿಷಿದ್ಧವಾಗಿದೆ. ವನ್ಯಮೃಗಗಳ ನೆಮ್ಮದಿಗಾಗಿ ಮಾಡಿದ ಈ ಕಟ್ಟಳೆ ಉಚಿತವಾದುದೇ. ಆದರೆ ಹಗಲಿನಲ್ಲಿ ಲಾರಿಯ ನೀರಿನ ಡ್ರಮ್ಮಿನೊಳಗೆ ಮರಿಯಾಗಿ ಕುಳಿತು ಘಟ್ಟವೇರಬಲ್ಲ ಸೊಳ್ಳೆಯೆಂಬ ಪ್ರಯಾಣಿಕನನ್ನು ಯಾವ ತಪಾಸಣಾ ಠಾಣೆಯೂ ತಡೆದು ವಿಚಾರಿಸಲಾರದು.

ಈ ಬೆಟ್ಟಗಳಿಗೆ ಪಡುವಲಲ್ಲಿರುವ ಸೀಗೂರು ಘಟ್ಟದಲ್ಲಿಯೇ, ಮಲೇರಿಯಾದ ಮೂಲವನ್ನು ಅರಸುತ್ತ 1897ರಲ್ಲಿ ಬಂದಿದ್ದ ರೊನಾಲ್ಡ್ ರಾಸರು ತಾವೇ ಆ ಜ್ವರಕ್ಕೆ ತುತ್ತಾದರು. ಅದೇ ವರ್ಷದ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಚುಕ್ಕೆರೆಕ್ಕೆಯ ಸೊಳ್ಳೆಯೊಂದರ ಜಠರಭಿತ್ತಿಯಲ್ಲಿ ರೋಗಾಣುವನ್ನು ಕಂಡರು. ಆ ಸೊಳ್ಳೆ ಅನಾಫಿಲಿಸ್ ಸ್ಟೆಫೆನ್ಸಿಯೇ ಇರಬೇಕೆಂಬುದು ಹಲವರ ಊಹೆ. 1901ರಲ್ಲಿ ಲಿಸ್ಟನ್ನರು ಹೆಸರಿಟ್ಟ ಈ ಜಾತಿಯ ಮೊಟ್ಟೆಗಳ ಇಕ್ಕೆಲದ ತೇಲುಚೀಲಗಳಲ್ಲಿರುವ ಗೆರೆಗಳನ್ನು ಎಣಿಸಿ, ಗೆರೆ ಕಡಮೆಯಿರುವ ಪ್ರಭೇದವನ್ನು 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ವಿಜ್ಞಾನಿಗಳು ಬೇರ್ಪಡಿಸಿ ‘ಮೈಸೂರೆನ್ಸಿಸ್’ ಎಂದು ಕರೆದರು. ಮೈಸೂರು ಪಾಕ, ಮೈಸೂರು ಮಲ್ಲಿಗೆಗಳ ಸಾಲಿಗೆ ಈ ಹೆಸರನ್ನು ಸೇರಿಸಿಕೊಳ್ಳಲು ಯಾರೂ ಮುಂದೆ ಬಂದಂತಿಲ್ಲ.

ಕಾಡಿನ ತೊರೆಗಳನ್ನು ಆಶ್ರಯಿಸುವ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಮಲೆಗಳ ಚಳಿಜ್ವರಕ್ಕೆ ಕಾರಣವಾದರೆ, ಸ್ಟೆಫೆನ್ಸಿಗೆ ಬೇಕಾದುದು ಮನುಷ್ಯನು ತನಗಾಗಿ ಕೂಡಿಟ್ಟ ತಿಳಿನೀರು: ಮಹಡಿಯ ತೊಟ್ಟಿ, ನೆಲದೊಳಗಿನ ಸಂಪು, ಕಟ್ಟಡದ ಗಾರೆ ಗಟ್ಟಿಯಾಗಲು ನಿಲ್ಲಿಸಿದ ನೀರು. ಆಫ್ರಿಕದ ಗ್ಯಾಂಬಿಯೆ ಸೊಳ್ಳೆ ಮಳೆಯ ಹೊಂಡಗಳನ್ನು ನಂಬಿಕೊಂಡಿರುವುದರಿಂದ ಅಲ್ಲಿನ ನಗರಗಳಿಗೆ ಬೇಸಗೆಯಲ್ಲಿ ತಕ್ಕಮಟ್ಟಿನ ಬಿಡುವಿರುತ್ತಿತ್ತು. ತೊಟ್ಟಿಯಲ್ಲಿ ವರ್ಷವಿಡೀ ಹುಟ್ಟುವ ನಮ್ಮ ಸೊಳ್ಳೆ ಆ ಬಿಡುವನ್ನೇ ಕಸಿದುಕೊಂಡಿತು. 2012ರಲ್ಲಿ ಅದು ಜಿಬೂಟಿಯಲ್ಲಿ ಕಾಣಿಸಿಕೊಂಡಾಗ ಆ ದೇಶದಲ್ಲಿ ವರ್ಷಕ್ಕೆ 27 ಇದ್ದ ಮಲೇರಿಯಾ ಪ್ರಕರಣಗಳು 2020ರ ವೇಳೆಗೆ 73,000ವನ್ನು ಮೀರಿದುವು. 2016ರಲ್ಲಿ ಇಥಿಯೋಪಿಯ, 2020ರಲ್ಲಿ ನೈಜೀರಿಯ, 2022ರಲ್ಲಿ ಕೆನ್ಯ. ಮಲೇರಿಯಾಮುಕ್ತವೆಂದು 2016ರಲ್ಲಿ ಘೋಷಿತವಾದ ಶ್ರೀಲಂಕೆಯ ಮನ್ನಾರಿನಲ್ಲಿಯೂ ಅದೇ ವರ್ಷಾಂತ್ಯದಲ್ಲಿ ಅದರ ಮರಿಗಳು ಸಿಕ್ಕಿದುವು.

ಇದರ ಜಾಡನ್ನು ಹಿಡಿಯುವ ಕೆಲಸ ನೋಡಲು ಬಲು ಸರಳ, ಮಾಡಲು ಬೇಸರದ್ದು. ಬಲಿತ ಸೊಳ್ಳೆ ಬೋನುಗಳಿಗೆ ಬೀಳುವುದು ಅಪರೂಪವಾದುದರಿಂದ, ಶೋಧಕರು ಮನೆಮನೆಯ ತೊಟ್ಟಿಗೂ ಸೌಟನ್ನು ಇಳಿಬಿಟ್ಟು ಮರಿಗಳನ್ನು ಮೊಗೆದು, ಅವು ಬೆಳೆಯುವವರೆಗೆ ಸಾಕಿ, ಡಿಎನ್‌ಎಯಿಂದ ಜಾತಿಯನ್ನು ಖಚಿತಪಡಿಸಿಕೊಂಡು, ಬೇರೆ ಬೇರೆ ಊರುಗಳ ಸಂತತಿಗಳನ್ನು ಹೋಲಿಸಿ ಅವು ಯಾವ ದಾರಿಯಿಂದ ಬಂದಿರಬಹುದೆಂದು ತರ್ಕಿಸುತ್ತಾರೆ. ಆಫ್ರಿಕದಲ್ಲಿ ಅದನ್ನು ‘ಆಕ್ರಮಣಕಾರಿ’ ಎನ್ನುವರು. ಇಲ್ಲಿ ಅದು ನೆರೆಮನೆಯದು, ಆದುದರಿಂದಲೇ ನಾವು ಅದನ್ನು ನೋಡುವುದನ್ನೇ ಬಿಟ್ಟಿದ್ದೇವೆ.

ತಾಳಮಲೆಯ ಊರುಗಳಲ್ಲಿ ಹೆಂಚು ಹೋಗಿ ತಾರಸಿ ಬಂದೆಡೆಯೆಲ್ಲ ತೊಟ್ಟಿಯೂ ಬಂದಿರುವುದು. ಏಣಿ ಹತ್ತಿ ಮುಚ್ಚಳವನ್ನು ತೆಗೆದು ನೋಡಿರಿ: ಬಾಲವನ್ನು ಮೇಲಕ್ಕಿಟ್ಟು ತಲೆಕೆಳಗಾಗಿ ತೂಗುವ ಮರಿಗಳಾದರೆ ಅವು ಬೇರೆ ಜಾತಿಯವು, ನೀರಿನ ಮೇಲ್ಪದರಕ್ಕೆ ಅಂಟಿದಂತೆ ಅಡ್ಡಲಾಗಿ ಮಲಗಿದ್ದರೆ ಅವು ಅನಾಫಿಲಿಸ್. ಕಂಡರೆ ಆರೋಗ್ಯ ಕಾರ್ಯಕರ್ತರಿಗೆ ತೋರಿಸಿರಿ, ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಿರಿ, ಮುಚ್ಚಳವನ್ನು ಸಂದಿಲ್ಲದಂತೆ ಮುಚ್ಚಿರಿ.