ಫೋಮ್ ಕತ್ತರಿಸುವಾಗ ಬರುವ ಹೊಗೆ ವಿಷವೇ? ಮೇಜಿನ ಮೇಲಿನ ಪುಟ್ಟ ಹಳ್ಳಿಯ ಹಿಂದಿನ ವಿಜ್ಞಾನ

ಬಿಸಿ ತಂತಿಯೊಂದು ಗುಲಾಬಿ ಬಣ್ಣದ ಫೋಮ್ ಹಲಗೆಯನ್ನು ಬೆಣ್ಣೆಯಂತೆ ಸೀಳುತ್ತದೆ. ನೋಡನೋಡುತ್ತಿದ್ದಂತೆ ಕಲ್ಲಿನ ಗೋಡೆ, ಹುಲ್ಲಿನ ಸೂರು, ಚರ್ಚ್ ಎಲ್ಲವೂ ಎದ್ದು ನಿಲ್ಲುತ್ತವೆ. ಇಂತಹ ವಿಡಿಯೋ ನೋಡಿದ ಕೆಲವರು "ಇದು ಬರೀ ಥರ್ಮಾಕೋಲ್, ಮಕ್ಕಳೂ ಮಾಡಬಹುದು" ಎನ್ನುತ್ತಾರೆ. ಇನ್ನು ಕೆಲವರು "ಆ ಹೊಗೆ ಕುಡಿದರೆ ಕ್ಯಾನ್ಸರ್ ಗ್ಯಾರಂಟಿ" ಎಂದು ಹೆದರಿಸುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಹಾಗಾದರೆ ನಿಜ ಏನು? ನೋಡೋಣ.

ಏನಿದು ಹಳ್ಳಿ?

ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಮೇಜಿನ ಮೇಲೆ ಯುದ್ಧದ ಆಟ ಆಡುವ ಹವ್ಯಾಸ ಬ್ರಿಟನ್ನಿನಲ್ಲಿ ಹಳೆಯದು. ಲೇಖಕ ಎಚ್.ಜಿ. ವೆಲ್ಸ್ 1913ರಲ್ಲೇ ಇದರ ನಿಯಮಗಳನ್ನು 'ಲಿಟಲ್ ವಾರ್ಸ್' ಎಂಬ ಪುಸ್ತಕವಾಗಿ ಬರೆದಿದ್ದರು. ಇಂದು ಹೆಚ್ಚು ಬಳಕೆಯಲ್ಲಿರುವ ಗೊಂಬೆಗಳು ಸುಮಾರು 28 ಮಿಲಿಮೀಟರ್ ಎತ್ತರದವು. ಅವುಗಳಿಗೆ ತಕ್ಕ ಮಧ್ಯಯುಗದ ಯುರೋಪಿನ ಹಳ್ಳಿಯನ್ನು ಫೋಮ್‌ನಲ್ಲಿ ಕಟ್ಟುತ್ತಾರೆ.

ಇಡೀ ಹಳ್ಳಿಯನ್ನು ಒಂದೇ ಹಲಗೆಯಲ್ಲಿ ಕಟ್ಟಿದರೆ ಎತ್ತಿಡುವುದು ಕಷ್ಟ. ಅದಕ್ಕೇ ಒಂದಡಿ ಚೌಕದ ಬಿಲ್ಲೆಗಳಾಗಿ ಮಾಡುತ್ತಾರೆ. ಉಪಾಯ ಸರಳ: ದಾರಿ ಇರುವ ಪ್ರತಿ ಅಂಚಿನಲ್ಲೂ ಅದು ಸರಿಯಾಗಿ ನಡುವಿಗೇ ಬರಬೇಕು, ಅಗಲ ಮತ್ತು ಎತ್ತರ ಒಂದೇ ಇರಬೇಕು. ಆಗ ದಾರಿ ಇರುವ ಯಾವ ಎರಡು ಅಂಚುಗಳನ್ನು ಜೋಡಿಸಿದರೂ ದಾರಿ ಕೂಡಿಕೊಳ್ಳುತ್ತದೆ. ಮನೆಗಳನ್ನು ಅಂಟಿಸದೆ ಬಿಟ್ಟರೆ ಪ್ರತಿ ಆಟಕ್ಕೂ ಹೊಸ ಹಳ್ಳಿ ಸಿದ್ಧ.

ಎಲ್ಲ ಫೋಮ್ ಒಂದೇ ಅಲ್ಲ

ನಮ್ಮಲ್ಲಿ ಶಾಲೆಯ ಪ್ರಾಜೆಕ್ಟ್‌ಗೆ ತರುವ ಬಿಳಿ ಥರ್ಮಾಕೋಲ್ ಮತ್ತು ಈ ಗುಲಾಬಿ ಅಥವಾ ನೀಲಿ ಹಲಗೆ ಎರಡೂ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕೇ. ಬಿಳಿಯದು ಮಣಿಗಳನ್ನು ಉಬ್ಬಿಸಿ ಅಂಟಿಸಿದ್ದು, ಕತ್ತರಿಸಿದರೆ ಉದುರುತ್ತದೆ. ಬಣ್ಣದ ಹಲಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ಹೊರತೆಗೆದು ಮಾಡಿದ್ದು. ಒಳಗೆ ಒತ್ತೊತ್ತಾಗಿ ಸಣ್ಣ ಗುಳ್ಳೆಗಳಿರುವುದರಿಂದ ಬಾಲ್ ಪೆನ್ನಿನಿಂದ ಗೀರಿದರೂ ಕಲ್ಲಿನ ಸಂದುಗಳು ಮೂಡುತ್ತವೆ. ಉಂಡೆ ಮಾಡಿದ ಅಲ್ಯೂಮಿನಿಯಂ ಫಾಯಿಲ್ ಒತ್ತಿದರೆ ಒರಟು ಕಲ್ಲಿನ ಮೈ ಸಿಗುತ್ತದೆ.

ಮೂರನೆಯದು ಸೋಫಾ, ಹಾಸಿಗೆಗಳಲ್ಲಿ ಇರುವ ಪಾಲಿಯುರೇಥೇನ್ ಫೋಮ್. ಇದರ ಗಟ್ಟಿ ಹಲಗೆಗಳೂ ಸಿಗುತ್ತವೆ. ಇದಕ್ಕೆ ಬಿಸಿ ತಂತಿ ತಾಗಿಸಲೇಬಾರದು. ಸುಟ್ಟರೆ ಹೈಡ್ರೋಜನ್ ಸಯನೈಡ್‌ನಂತಹ ಅಪಾಯಕಾರಿ ಅನಿಲ ಬರುತ್ತದೆ. ಯಾವ ಫೋಮ್ ಎಂದು ಗೊತ್ತಿಲ್ಲದಿದ್ದರೆ ಚಾಕುವೇ ಗತಿ.

ಹಾಗಾದರೆ ಹೊಗೆ ವಿಷವೇ?

ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ಶುರುವಾಗುತ್ತದೆ. ತಂತಿಗೆ ಅದಕ್ಕಿಂತ ಹೆಚ್ಚು ಬಿಸಿ ಬೇಕು, ಆದರೆ ಅದು ಕೆಂಪಗೆ ಕಾಯಬೇಕಿಲ್ಲ. ತಂತಿ ಕೆಂಪಗೆ ಕಾದರೆ ಪ್ಲಾಸ್ಟಿಕ್ ಮೆತ್ತಗಾಗುವುದಷ್ಟೇ ಅಲ್ಲ, ಒಡೆದು ಸ್ಟೈರೀನ್ ಆವಿ ಹೊರಬರುತ್ತದೆ. ಇದರಿಂದ ಕಣ್ಣು, ಗಂಟಲು ಉರಿಯಬಹುದು, ತಲೆನೋವು, ತಲೆಸುತ್ತು ಬರಬಹುದು.

ಕ್ಯಾನ್ಸರ್ ಮಾತು ಎಲ್ಲಿಂದ ಬಂತು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ಸ್ಟೈರೀನನ್ನು 'ಬಹುಶಃ ಕ್ಯಾನ್ಸರ್ ತರಬಲ್ಲದು' ಎಂಬ 2ಎ ಗುಂಪಿಗೆ ಸೇರಿಸಿತು. ಆದರೆ ಈ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಒಮ್ಮೆ ಉಸಿರಾಡಿದರೆ ಕ್ಯಾನ್ಸರ್ ಖಚಿತ ಎಂದು ಅದರ ಅರ್ಥವಲ್ಲ. ಹಾಗೆಂದು ಮುಚ್ಚಿದ ಕೋಣೆಯಲ್ಲಿ ದಿನವೂ ಈ ಆವಿ ಉಸಿರಾಡುವುದೂ ಜಾಣತನವಲ್ಲ.

"ಮಾಸ್ಕ್ ಹಾಕಿದರೆ ಸಾಕು" ಎನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಎನ್95 ಮಾಸ್ಕ್ ತಡೆಯುವುದು ಧೂಳನ್ನು. ಫೋಮ್ ಉಜ್ಜುವಾಗ ಅದು ಬೇಕು. ಆವಿಯನ್ನು ಅದು ತಡೆಯುವುದಿಲ್ಲ. ಆವಿಗೆ ಸುಲಭದ ಮದ್ದು ತೆರೆದ ಕಿಟಕಿ ಮತ್ತು ಗಾಳಿಯನ್ನು ಹೊರಗೆ ತಳ್ಳುವ ಫ್ಯಾನ್.

ಸ್ಪ್ರೇ ಹೊಡೆದರೆ ಹಳ್ಳಿ ಕರಗುವುದೇಕೆ?

ದೊಡ್ಡ ಥರ್ಮಾಕೋಲ್ ತುಂಡು ಅಸಿಟೋನ್‌ನಲ್ಲಿ "ಮಾಯ"ವಾಗುವ ವಿಡಿಯೋಗಳನ್ನು ನೀವು ನೋಡಿರಬಹುದು. ಅದರಲ್ಲಿ ಮಾಯವೂ ಇಲ್ಲ, ಮಂತ್ರವೂ ಇಲ್ಲ. ಬಿಳಿ ಥರ್ಮಾಕೋಲ್‌ನಲ್ಲಿ ಸುಮಾರು 98 ಭಾಗ ಗಾಳಿಯೇ. ಅಸಿಟೋನ್ ತಾಗಿದಾಗ ಗುಳ್ಳೆಗಳ ಗೋಡೆ ಸಡಿಲವಾಗಿ ಗಾಳಿ ಹೊರಟುಹೋಗುತ್ತದೆ. ಪ್ಲಾಸ್ಟಿಕ್ ಅಂಟಂಟಾದ ಮುದ್ದೆಯಾಗಿ ತಳದಲ್ಲೇ ಉಳಿಯುತ್ತದೆ.

ಸ್ಪ್ರೇ ಪೇಂಟ್ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದೂ ಇಂತಹ ದ್ರಾವಕಗಳೇ. ಹಲವು ಸೂಪರ್ ಗ್ಲೂಗಳು ಮತ್ತು ರಬ್ಬರ್ ಗೋಂದುಗಳೂ ಫೋಮನ್ನು ತಿನ್ನುತ್ತವೆ. ಆದ್ದರಿಂದ ಬಿಳಿ ಗೋಂದು ಮತ್ತು ನೀರಿನ ಅಕ್ರಿಲಿಕ್ ಬಣ್ಣ ಸುರಕ್ಷಿತ. ಫೋಮ್ ನೀರನ್ನು ಹೀರುವುದಿಲ್ಲವಾದ್ದರಿಂದ ಎರಡು ಹಲಗೆಗಳ ನಡುವಿನ ಗೋಂದು ಒಣಗಲು ಒಂದು ದಿನಕ್ಕಿಂತ ಹೆಚ್ಚು ಬೇಕಾಗಬಹುದು. ಅವಸರ ಬೇಡ.

ನೆನಪಿಡಿ

- ತಂತಿಯಿಂದ ಹೊಗೆ ಏಳುತ್ತಿದ್ದರೆ ಬಿಸಿ ಹೆಚ್ಚಾಗಿದೆ ಎಂದರ್ಥ. ಬಿಸಿ ಇಳಿಸಿ, ನಿಧಾನವಾಗಿ ಕತ್ತರಿಸಿ.
- ಮೂಗು ವಾಸನೆಗೆ ಬೇಗ ಒಗ್ಗಿಕೊಳ್ಳುತ್ತದೆ. ವಾಸನೆ ಬರುತ್ತಿಲ್ಲ ಎಂದು ಕಿಟಕಿ ಮುಚ್ಚಬೇಡಿ.
- ಹರಿತವಾದ ಚಾಕುವಿನಿಂದ ಕತ್ತರಿಸಿದರೆ ಆವಿಯ ಪ್ರಶ್ನೆಯೇ ಇಲ್ಲ. ಮೊಂಡಾದ ಬ್ಲೇಡು ಫೋಮನ್ನು ಹರಿಯುತ್ತದೆ, ಬೆರಳಿಗೂ ಅಪಾಯ.
- ಚೂರುಗಳನ್ನು ಸುಡಬೇಡಿ. ಪಾಲಿಸ್ಟೈರೀನ್ ಸುಟ್ಟರೆ ಕಪ್ಪು ಮಸಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ಅವೇ ಚೂರುಗಳು ಹಳ್ಳಿಗೆ ಬಂಡೆ, ಬೇಲಿ ಆಗಬಲ್ಲವು.
- ಬಿಸಿ ತಂತಿ ಮತ್ತು ಬ್ಲೇಡು ದೊಡ್ಡವರ ಕೈಯಲ್ಲಿರಲಿ. ಗೀರುವುದು, ಬಣ್ಣ ಹಚ್ಚುವುದು ಮಕ್ಕಳಿಗಿರಲಿ.

ಒಟ್ಟಿನಲ್ಲಿ, ಅಪಾಯ ಇರುವುದು ಫೋಮ್‌ನಲ್ಲಿ ಅಲ್ಲ, ನಾವು ಅದಕ್ಕೆ ಕೊಡುವ ಬಿಸಿಯಲ್ಲಿ. ಮುಂದಿನ ಸಲ ಇಂತಹ ವಿಡಿಯೋ ಬಂದರೆ ಫಾರ್ವರ್ಡ್ ಮಾಡುವಾಗ ಒಂದು ಸಾಲು ಸೇರಿಸಿ: "ಕಿಟಕಿ ತೆರೆದಿಡಿ, ಹೊಗೆ ಬಂದರೆ ಬಿಸಿ ಇಳಿಸಿ."